ಏಳು ವೋಲ್ಟಿನ ತಂತಿ

ರಾಣೇಬೆನ್ನೂರಿನ ಸುತ್ತಮುತ್ತ ಪಂಪ್‌ಸೆಟ್ಟಿನ ಮೋಟರು ಸುಟ್ಟಿತೆಂದರೆ ಅದನ್ನು ಹಾಲೇಶಪ್ಪನವರ ಅಂಗಡಿಗೆ ಹೊತ್ತು ತರುವುದು ವಾಡಿಕೆಯಾಗಿತ್ತು. ಇಪ್ಪತ್ತೆಂಟು ವರ್ಷ ಅವರು ಮೋಟರು ಬಿಚ್ಚಿ, ಸುಟ್ಟ ತಾಮ್ರ ಕಿತ್ತು, ಹೊಸ ತಂತಿ ಸುತ್ತಿದವರು. ಅವರ ಅಂಗಡಿಗೆ ಹೊಂದಿಕೊಂಡೇ ನನ್ನ ಝೆರಾಕ್ಸ್ ಅಂಗಡಿ. ಮೋಟರನ್ನು ಕಟ್ಟೆಯ ಮೇಲೆ ಇಳಿಸುತ್ತಲೇ, ಒಂದು ಬೋಲ್ಟನ್ನೂ ಬಿಚ್ಚದೆ, ಬರೇ ಮೂಸಿ ನೋಡಿ "ಮೂರು ಫೇಜಿನಾಗ ಒಂದು ಬಂದಿಲ್ಲ, ಎರಡರ ಮ್ಯಾಲೆ ಓಡೈತಿ" ಎಂದು ಹೇಳಿಬಿಡುತ್ತಿದ್ದರು. ಹತ್ತು ಸಲದಲ್ಲಿ ಒಂಬತ್ತು ಸಲ ಅದು ನಿಜವಾಗಿರುತ್ತಿತ್ತು. ಹತ್ತನೆಯ ಸಲದ ಬಗ್ಗೆ ರೈತರೂ ಮಾತಾಡುತ್ತಿರಲಿಲ್ಲ, ಅವರೂ ಮಾತಾಡುತ್ತಿರಲಿಲ್ಲ. "ನನಗ ಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಈ ಸಂಗತಿಯನ್ನು ನನಗೆ ಹೇಳಿದವರು ಅವರೇ. ಕರೆಂಟು ಹೋದ ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನನ್ನ ಕಡೆ ನೋಡದೆ, ರಸ್ತೆಯ ಕಡೆ ನೋಡುತ್ತ ಹೇಳಿದರು.

ಬ್ಯಾಡಗಿಯ ಕೊಟ್ರೇಶ ವಾಚು ರಿಪೇರಿ ಮಾಡುವವನು. ವಯಸ್ಸು ಮೂವತ್ತನಾಲ್ಕು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲು ಸಣಕಲಾಗಿತ್ತು; ಕಂಕುಳಲ್ಲಿ ಕೋಲು ಇಟ್ಟುಕೊಂಡೇ ನಡೆಯಬೇಕು. ಬಸ್ ನಿಲ್ದಾಣದ ಹತ್ತಿರ ಒಂದು ಮರದ ಡಬ್ಬಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಮುಂಬಯಿಯಲ್ಲಿದ್ದ ಸೋದರಮಾವ ಒಮ್ಮೆ ಊರಿಗೆ ಬಂದಾಗ ಒಂದು ಕೆಟ್ಟುನಿಂತ ಆಟದ ಕಾರು ತಂದುಕೊಟ್ಟಿದ್ದ. ಆಟದ್ದು ಅಂದರೆ ಸಂತೆಯಲ್ಲಿ ಸಿಗುವಂಥದಲ್ಲ. ಒಂದು ಮೊಳ ಉದ್ದ, ನಾಲ್ಕೂ ಗಾಲಿಗೆ ಸ್ಪ್ರಿಂಗು, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ದೂರ ನಿಂತೇ ಓಡಿಸಬಹುದಾದದ್ದು. ಕೊಟ್ರೇಶ ಅದನ್ನು ಎರಡು ವರ್ಷ ಬಿಚ್ಚಿ, ಜೋಡಿಸಿ, ಮುರಿದ ಹಲ್ಲಿನ ಚಕ್ರಗಳನ್ನು ತಾನೇ ಅರದಿಂದ ಉಜ್ಜಿ ಸರಿಮಾಡಿ ಓಡಿಸಿದ. ಭಾನುವಾರ ಮೆಣಸಿನಕಾಯಿ ಮಾರುಕಟ್ಟೆಯ ಬಯಲು ಖಾಲಿ ಇದ್ದಾಗ ಅಲ್ಲಿ ಅದನ್ನು ಬಿಡುತ್ತಿದ್ದ. ಓಡುವುದೆಂದರೆ ಹೇಗಿರುತ್ತದೆ ಎಂದು ತನಗೆ ಗೊತ್ತಾದದ್ದು ಅದರಿಂದ ಎಂದು ಒಮ್ಮೆ ಯಾರಿಗೋ ಹೇಳಿದ್ದನಂತೆ.

2006ರ ಡಿಸೆಂಬರಿನಲ್ಲಿ ಅವನಿಗೆ ಹಾವೇರಿಯಿಂದ ಕರೆ ಬಂತು. ಅಲ್ಲಿನ ಕಾಲೇಜೊಂದರ ಬಯಲಲ್ಲಿ ಜನವರಿಯಲ್ಲಿ ವಿಜ್ಞಾನ ಮೇಳ. ನಡೆಸುವವರು ಭೌತಶಾಸ್ತ್ರದ ಉಪನ್ಯಾಸಕಿ ಸುರೇಖಾ. "ನಿಮ್ಮ ಕಾರು ಭಾರ ಎಳೀತದೇನು? ಮೋಟರಿನ ಶಕ್ತಿ ಮಕ್ಕಳಿಗೆ ಕಣ್ಣಿಗೆ ಕಾಣಬೇಕು" ಎಂದು ಅವರು ಕೇಳಿದ್ದರು. ಕೊಟ್ರೇಶ ಖುಷಿಯಾಗಿ ಹಳೆಯ ಮೋಟರು ತೆಗೆದು ಇನ್ನೊಂದು ಜೋರಿನ ಮೋಟರು ತರಿಸಿ ಹಾಕಿದ. ಹಾಕಿದ ಮೇಲೆ ಬ್ಯಾಟರಿಯಿಂದ ಮೋಟರಿಗೆ ಹೋಗುವ ತಂತಿ ಬಿಸಿಯಾಗತೊಡಗಿತು. ತಂತಿಯ ವಿಷಯ ಅವನಿಗೆ ಅಷ್ಟು ತಿಳಿಯದು. ತಿಳಿದವರನ್ನೇ ಕೇಳೋಣ ಎಂದು ರಾಣೇಬೆನ್ನೂರಿಗೆ ಬಸ್ಸು ಹತ್ತಿದ.

"ಅಣ್ಣಾರ, ಮೆತ್ತಗಿನ ತಂತಿ ಬೇಕ್ರಿ. ಒಳಗ ಸಣ್ಣ ಸಣ್ಣ ಎಳಿ ಭಾಳ ಇರಬೇಕಂತ" ಎನ್ನುತ್ತ ಕೊಟ್ರೇಶ ಕಿಸೆಯಿಂದ ಮಡಿಚಿದ ಹಾಳೆ ತೆಗೆದ. ಸೈಬರ್ ಅಂಗಡಿಯಲ್ಲಿ ಕೂತು ಇಂಟರ್‌ನೆಟ್ಟಿನಿಂದ ಛಾಪಿಸಿಕೊಂಡು ಬಂದದ್ದು. "ಇದರಾಗ ಎಲ್ಲಾ ಬರದಾರ ನೋಡ್ರಿ. ಇಂಗ್ಲಿಷ್ ಐತಿ, ನನಗ ಅರ್ಧ ತಿಳೀಲಿಲ್ಲ."

ಅಂಗಡಿಯಲ್ಲಿ ಆಗ ಮೂವರು ರೈತರು ಕೂತಿದ್ದರು. ಹಾಲೇಶಪ್ಪನವರಿಗೂ ಇಂಗ್ಲಿಷ್ ಓದಲು ಬಾರದು. ಹಾಳೆಯನ್ನು ತಿರುಗಿಸಿ ನೋಡಿದಂತೆ ಮಾಡಿ ವಾಪಸು ಕೊಟ್ಟರು.

"ಎಷ್ಟು ವೋಲ್ಟಿಂದಪಾ ಬ್ಯಾಟರಿ?"

"ಏಳು ಚಿಲ್ಲರೆ ಐತ್ರಿ."

"ಏಳು ವೋಲ್ಟ್!" ಎಂದು ಅವರು ನಕ್ಕರು. ರೈತರೂ ನಕ್ಕರು. "ನಾನೂರ ನಲವತ್ತು ವೋಲ್ಟಿನ ಜೋಡಿ ಬಾಳೇ ಮಾಡಾಂವ ನಾನು. ಏಳು ವೋಲ್ಟಿಗೆ ಕಾಗದ ಓದಬೇಕೇನ? ತಗೋ ಇದನ್ನ, ನಿನ್ನ ಕಾರು ಹಳೇದಾಗಿ ಹೋದೀತು, ಇದು ಹೋಗೂದಿಲ್ಲ."

ಮೂಲೆಯಲ್ಲಿದ್ದ ಒಂದು ಸುರುಳಿಯಿಂದ ಕೆಂಪು ಕಪ್ಪು ತಂತಿ ಎರಡು ಮೊಳ ಕತ್ತರಿಸಿ ಕೊಟ್ಟರು. ಊರೂರು ತಿರುಗಿ ಮಾರುವವನೊಬ್ಬನಿಂದ ಹಿಂದಿನ ವರ್ಷ ಅಗ್ಗಕ್ಕೆ ಕೊಂಡದ್ದು. ನೋಡಲು ದಪ್ಪಗಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ. ಕೊಟ್ರೇಶ ಕೈಮುಗಿದು ಹೋದ.

ಮೇಳದ ದಿನ ಹಾಲೇಶಪ್ಪನವರು ಹಾವೇರಿಗೆ ಹೋಗಿದ್ದರು. ಯಾವುದೋ ಮೋಟರು ತಲುಪಿಸುವ ಕೆಲಸ. ಮುಗಿದ ಮೇಲೆ, ತಮ್ಮ ತಂತಿ ಹಾಕಿದ ಕಾರನ್ನೂ ನೋಡಿ ಬರೋಣ ಎಂದು ಬಯಲಿಗೆ ಹೋದರು. ಇನ್ನೂರು ಜನ ಸುತ್ತ ನಿಂತಿದ್ದರು. ಬ್ಯಾಡಗಿಯವರೂ ಬಹಳ ಮಂದಿ ಇದ್ದರು. ಗಾಲಿ ಹಚ್ಚಿದ ಹಲಗೆಯ ಮೇಲೆ ಐದು ಕಿಲೋ ಅಕ್ಕಿಯ ಚೀಲ ಇಟ್ಟು, ಹಲಗೆಯನ್ನು ಕಾರಿಗೆ ಕಟ್ಟಿದ್ದರು. ಸಮತಟ್ಟಾದ ನೆಲದಲ್ಲಿ ಕಾರು ಎಳೆದುಕೊಂಡು ಹೋಯಿತು. ಜನ ಚಪ್ಪಾಳೆ ಹೊಡೆದರು. ಆಮೇಲೆ ಮಣ್ಣಿನ ಏರು. ಕೊಟ್ರೇಶ ದೂರದಲ್ಲಿ ಕೋಲಿಗೆ ಒರಗಿ ನಿಂತು ಪೆಟ್ಟಿಗೆಯ ಗುಂಡಿ ಒತ್ತಿ ಹಿಡಿದಿದ್ದ. ಕಾರು ಅರ್ಧ ಏರಿತು, ತಡವರಿಸಿತು, ಮತ್ತೆ ಏರಿತು. ಆಗ ಅದರ ಹೊಟ್ಟೆಯಿಂದ ಸಣ್ಣಗೆ ಹೊಗೆ ಬಂತು.

ತಂತಿಯ ಮೇಲಿನ ಪ್ಲಾಸ್ಟಿಕ್ಕು ಕರಗಿ ಕೆಂಪು ಕಪ್ಪು ಎರಡೂ ಒಂದಕ್ಕೊಂದು ತಾಗಿದ್ದವು. ನೋಡನೋಡುತ್ತ ಕಾರಿನ ಮೇಲಿನ ಬಣ್ಣದ ಪ್ಲಾಸ್ಟಿಕ್ ಹೊದಿಕೆಗೆ ಬೆಂಕಿ ಹತ್ತಿತು. ಕೊಟ್ರೇಶ ಹೊರಟ. ಇಪ್ಪತ್ತು ಮಾರು ದಾರಿ. ಕೋಲು ಊರುತ್ತ, ಉಸುಕಿನಲ್ಲಿ ಕಾಲು ಎಳೆಯುತ್ತ ಅವನು ಬಂದು ಮುಟ್ಟುವ ಹೊತ್ತಿಗೆ ಕಾರಿನ ಮುಂಭಾಗ ಉಳಿದಿರಲಿಲ್ಲ. ಯಾರೋ ಮಣ್ಣು ಎರಚಿ ಆರಿಸಿದ್ದರು. ಅವನು ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟ.

"ಏನಾತು? ಯಾಕಾತು?" ಎಂದು ಜನ ಗದ್ದಲ ಮಾಡಿದರು. ಕೊಟ್ರೇಶ ತಲೆಯೆತ್ತಿ ಸುತ್ತ ನೋಡಿದ. ಗುಂಪಿನಲ್ಲಿ ಹಾಲೇಶಪ್ಪನವರು ಕಂಡರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೇಳುವ ಮುಖವಿತ್ತು. "ಅಣ್ಣಾರ, ಏನ್ ತಪ್ಪಾತ್ರಿ?" ಎಂದ.

ಎಲ್ಲರೂ ಅವರ ಕಡೆ ತಿರುಗಿದರು. ಅವರನ್ನು ಗುರುತಿಸಿದ ಒಬ್ಬ, "ರಾಣೇಬೆನ್ನೂರ ಮಿಸ್ತ್ರಿ ಅದಾರಲ್ಲ, ಅವರೇ ಹೇಳ್ಲಿ" ಎಂದ. ಹಾಲೇಶಪ್ಪನವರು ಮುಂದೆ ಬಂದು ಬಗ್ಗಿ ನೋಡಿದರು. ತಂತಿ ಉದ್ದಕ್ಕೂ ಕರಗಿತ್ತು. ಬೆಸುಗೆ ಹಾಕಿದ ತುದಿಗಳು ಮಾತ್ರ ಗಟ್ಟಿಯಾಗಿ ಹಾಗೇ ಇದ್ದವು. ಅದು ಅವರಿಗೆ ಕಂಡಿತು. ಕಂಡ ಮೇಲೂ ಅವರು ಹೇಳಿದ್ದು ಇದು:

"ಸೋಲ್ಡರ್ ಬೆಸಿಗಿ ಬಿಟ್ಟೈತಿ. ಕೈ ನಡಗ್ಯಾವ. ವಾಚ್ ಮಾಡೋರ ಕೈಯಾಗ ಇಂಥಾ ಕೆಲಸ ಆಗೂದಲ್ಲ ಬಿಡ್ರಿ."

ಕೊಟ್ರೇಶ ತನ್ನ ಕೈಗಳನ್ನು ನೋಡಿಕೊಂಡ.

ಮಾತು ಮುಗಿಸಿ ಹಾಲೇಶಪ್ಪನವರು ಕಾರಿನಿಂದ ಸುಟ್ಟ ತಂತಿಯ ಒಂದು ತುಂಡು ಕಿತ್ತು, ಯಾರಿಗೂ ಕಾಣದ ಹಾಗೆ ಕಿಸೆಗೆ ಹಾಕಿಕೊಂಡರು. ಸಂಜೆ ಅಂಗಡಿಗೆ ಬಂದು ಬ್ಲೇಡಿನಿಂದ ಅದನ್ನು ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ, ತಾಮ್ರದಷ್ಟು ಕರೆಂಟು ತಡೆಯದ ಅಲ್ಯುಮಿನಿಯಂ. ಎಳೆಗಳು ಹದಿನಾಲ್ಕೇ. ದಪ್ಪ ಕಂಡದ್ದು ಮೇಲಿನ ಪ್ಲಾಸ್ಟಿಕ್ಕು. ಮೂಲೆಯ ಸುರುಳಿ ತಂದು ಅದರ ತುದಿಯನ್ನೂ ಕೆರೆದರು. ಅದೂ ಹಾಗೇ. ಅಷ್ಟು ವರ್ಷ ತಾಮ್ರ ಮುಟ್ಟಿದ ಕೈ, ಒಂದು ಸಲ ಉಗುರಿನಿಂದ ಕೆರೆದಿದ್ದರೆ ಸಾಕಿತ್ತು.

ಮರುದಿನ ಬ್ಯಾಡಗಿಗೆ ಹೋಗಿ ಹೇಳಬೇಕು ಅಂದುಕೊಂಡರು. ಮರುದಿನ ಒಂದು ತುರ್ತು ಮೋಟರು ಬಂತು. ಆ ವಾರ ಹೋಗಲಿಲ್ಲ, ಆ ತಿಂಗಳು ಹೋಗಲಿಲ್ಲ. ತಡವಾದಷ್ಟೂ ಹೇಳಬೇಕಾದ್ದು ದೊಡ್ಡದಾಗುತ್ತ ಹೋಯಿತು. "ಒಂದು ಆಟಿಕಿ ಸುಟ್ಟಿದ್ದಕ್ಕ ಇಷ್ಟ್ಯಾಕ ಅಂತ ನನಗ ನಾನೇ ಹೇಳ್ಕೊಂಡೆ. ಆದ್ರ ನಾ ಸುಟ್ಟಿದ್ದು ಆಟಿಕಿ ಅಲ್ಲ, ಅದು ನನಗ ಗೊತ್ತಿತ್ತು" ಎಂದು ಅವರು ನನಗೆ ಹೇಳಿದರು. ಆ ದಿನಗಳಲ್ಲಿ ಬ್ಯಾಡಗಿಯ ಗಿರಾಕಿ ಅಂಗಡಿಗೆ ಬಂದರೆ ಅವರು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದುದು ನನ್ನ ಕಣ್ಣಿಗೂ ಬಿದ್ದಿತ್ತು, ಕಾರಣ ತಿಳಿದಿರಲಿಲ್ಲ.

ಜುಲೈ ತಿಂಗಳಲ್ಲಿ ಜಾಹೀದಾ ಬಂದರು. ಜಾಹೀದಾ ಬ್ಯಾಡಗಿಯಲ್ಲಿ ಮೋಟರು ಸುತ್ತುವ ಅಂಗಡಿ ನಡೆಸುವವರು. ಅವರ ಗಂಡ ಇಸ್ಮಾಯಿಲಸಾಬ ಮತ್ತು ಹಾಲೇಶಪ್ಪನವರು ಒಬ್ಬನೇ ಉಸ್ತಾದನ ಕೈಕೆಳಗೆ ಕಲಿತವರು. ಇಸ್ಮಾಯಿಲಸಾಬನ ಕಣ್ಣು ಹೋದ ಮೇಲೆ ಜಾಹೀದಾ ತಾವೇ ಕೆಲಸ ಕಲಿತು ಅಂಗಡಿ ಹಿಡಿದಿದ್ದರು. ಸುತ್ತುವ ತಂತಿ ಕೊಳ್ಳಲು ರಾಣೇಬೆನ್ನೂರಿಗೆ ಬಂದಾಗ ಇಲ್ಲಿ ಚಹಾ ಕುಡಿದೇ ಹೋಗುತ್ತಿದ್ದರು. ಅವತ್ತು ಮಾತಿನ ನಡುವೆ ಅಂದರು:

"ನಮ್ಮ ಕೊಟ್ರೇಶನ ಸುದ್ದಿ ಕೇಳಿದ್ರೇನು ಹಾಲೇಶಣ್ಣ? ಪಾಪ, ಅಂಗಡಿ ಅರ್ಧಾ ಬಂದ್ ಮಾಡ್ಯಾನ. ಮಂದಿ ಬೆಲೆ ಬಾಳೂ ವಾಚ್ ಯಾರೂ ಕೊಡವಲ್ರು. ಕೈ ನಡಗ್ತಾವಂತ ಊರೆಲ್ಲಾ ಸುದ್ದಿ. ಯಾರೋ ನಿಮ್ಮ ರಾಣೇಬೆನ್ನೂರ ದೊಡ್ಡ ಮಿಸ್ತ್ರಿ ಮಂದಿ ನಡಕ ನಿಂತು ಹೇಳ್ಯಾನಂತ."

"ಹೌದೇನು" ಎಂದರು ಹಾಲೇಶಪ್ಪ.

"ಅಂವನೂ ಅದನ್ನ ನಂಬ್ಯಾನ. ಬರೇ ಸೆಲ್ ಹಾಕಿ ಕೊಡ್ತಾನ ಈಗ. ಒಳಗ ಬಿಚ್ಚೂದಿಲ್ಲ."

ಚಹಾದ ಬಟ್ಟಲು ಹಾಲೇಶಪ್ಪನವರ ಕೈಯಲ್ಲೇ ಆರಿತು. ಎಂಟು ದಿನ ಬಿಟ್ಟು ಅವರು ಆ ಸುರುಳಿಯನ್ನು ಚೀಲದಲ್ಲಿ ಹಾಕಿಕೊಂಡು ಬ್ಯಾಡಗಿಗೆ ಹೋದರು. ಕೊಟ್ರೇಶನ ಹತ್ತಿರ ಅಲ್ಲ, ಜಾಹೀದಾರ ಅಂಗಡಿಗೆ.

"ಭಾಬಿ, ರೇಡಿಯೋದಿಂದ ಓಡೂ ಕಾರಿಗೆ ಎಂಥಾ ತಂತಿ ಹಾಕಬೇಕ್ರಿ? ನನಗ ಗೊತ್ತಿಲ್ಲ" ಎಂದರು. ಆ ಮಾತು ಹೇಳುವಾಗ ಕಿವಿ ಕಾದವಂತೆ.

ಜಾಹೀದಾ ಒಂದು ಗಳಿಗೆ ಹಾಲೇಶಪ್ಪನವರ ಮುಖ ನೋಡಿದರು. ರಿಪೇರಿಗೆ ಬಂದಿದ್ದ ಬ್ಯಾಟರಿ ಡ್ರಿಲ್ಲಿನಿಂದ ಸಣ್ಣ ಮೋಟರು ತೆಗೆದರು, ಅಂಗೈಯಲ್ಲಿ ಹಿಡಿಯುವಷ್ಟು. ಎಷ್ಟು ಕರೆಂಟು ಹರಿಯುತ್ತದೆಂದು ತೋರಿಸುವ, ಹಳೆಯ ಬ್ಯಾಟರಿ ಚಾರ್ಜರಿನ ಆಂಪಿಯರ್ ಮೀಟರನ್ನು ನಡುವೆ ಜೋಡಿಸಿದರು. ಮೋಟರು ಖಾಲಿ ತಿರುಗುವಾಗ ಮುಳ್ಳು ಎರಡರ ಹತ್ತಿರ ಇತ್ತು. ಜಾಹೀದಾ ದಪ್ಪ ಬಟ್ಟೆಯಿಂದ ಅದರ ತಿರುಗುವ ದಂಡವನ್ನು ಬಿಗಿಹಿಡಿದರು. ಮುಳ್ಳು ಹಾರಿ ಮೂವತ್ತು ದಾಟಿತು.

"ಐದು ಎಚ್‌ಪಿ ಪಂಪು ಎಷ್ಟು ಎಳೀತೈತಿ ಅಣ್ಣ?"

"ಏಳೂವರಿ, ಎಂಟು."

"ಇದು ಮೂವತ್ತು. ವೋಲ್ಟ್ ಕಡಿಮಿ ಆದಷ್ಟೂ ಅದೇ ಕೆಲಸಕ್ಕ ಆಂಪಿಯರ್ ಜಾಸ್ತಿ ಬೇಕಲ್ಲ. ತಂತಿ ಬಿಸಿ ಆಗೂದು ಆಂಪಿಯರಿಂದ. ನಿಮಗ ಗೊತ್ತಿರದ್ದೇನು ಇದು?"

ಗೊತ್ತಿದ್ದದ್ದೇ. ಮೋಟರು ಸುತ್ತುವಾಗ ದಿನಾ ಬಳಸುವ ಲೆಕ್ಕ. ಮೂವರು ರೈತರ ಮುಂದೆ ನಗಬೇಕಾಗಿದ್ದರಿಂದ ಅವತ್ತು ಅದು ನೆನಪಾಗಿರಲಿಲ್ಲ.

ಹಾಲೇಶಪ್ಪನವರು ಚೀಲದಿಂದ ತಮ್ಮ ತಂತಿ ತೆಗೆದು ಕೊಟ್ಟರು. ಜಾಹೀದಾ ಅದನ್ನು ಜೋಡಿಸಿ ದಂಡ ಹಿಡಿದರು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ಕು ಮೆತ್ತಗಾಗಿ ಜೋತುಬಿತ್ತು, ವಾಸನೆ ಎದ್ದಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಇಸ್ಮಾಯಿಲಸಾಬ ಮೂಗು ಅರಳಿಸಿ, "ಯಾವ ಹರಾಮಿ ತಂತಿ ಅದು? ತಾಂಬ್ರ ಅಲ್ಲ" ಎಂದ. ಕಣ್ಣು ಕಾಣದವನು.

ಜಾಹೀದಾ ಮೀಟರು ಬಿಚ್ಚಿ ಕೆಳಗಿಟ್ಟರು. "ಆ ದೊಡ್ಡ ಮಿಸ್ತ್ರಿ ನೀವೇ ಏನು ಅಣ್ಣ?"

ಅವರು ಹೌದೆಂದು ತಲೆಯಾಡಿಸಿದರು.

ಜಾಹೀದಾ ಬೈಯಲಿಲ್ಲ. ವೆಲ್ಡಿಂಗ್ ಮಷೀನಿನ ಹಳೆಯ ಕೇಬಲ್ಲಿನ ತುಂಡು ಸೀಳಿದರು. ಒಳಗೆ ಕೂದಲಿನಂಥ ತಾಮ್ರದ ಎಳೆಗಳು ನೂರಾರು. ಮೈಕ್ರೋಮೀಟರಿನಿಂದ ಒಂದು ಎಳೆಯನ್ನು ಅಳೆದು, ಲೆಕ್ಕ ಹಾಕಿ, ಅರವತ್ತೈದು ಎಳೆ ಎಣಿಸಿ ಹೊಸೆದರು. ಮೇಲೆ ಮೋಟರಿನ ಸುರುಳಿಗೆ ಹಾಕುವ, ಬಿಸಿಗೆ ಕರಗದ ಗಾಜಿನ ನೂಲಿನ ಕೊಳವೆ ತೊಡಿಸಿದರು. "ಒಂದೇ ದಪ್ಪ ತಂತಿ ಹಾಕಿದ್ರ ಕಾರು ಜಿಗದಾಡೂವಾಗ ಮುರೀತೈತಿ. ಇದು ಬಳುಕ್ತೈತಿ. ಮತ್ತ ಎಷ್ಟು ಗಿಡ್ಡ ಹಾಕ್ತೀರಿ ಅಷ್ಟು ಚಲೋ" ಎಂದರು. ಅದೇ ಮೋಟರಿಗೆ ಹಾಕಿ ನೋಡಿದರು. ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು, ಅಷ್ಟೆ. ಎರಡು ತುಂಡು ಮಾಡಿ ಕಾಗದದಲ್ಲಿ ಸುತ್ತಿ ಕೊಟ್ಟು, "ತಂತಿ ಆಮ್ಯಾಲ ಕೊಡ್ರಿ. ಮೊದಲ ಹೇಳೂದು ಹೇಳ್ರಿ" ಎಂದರು.

ಆದರೆ ಹಾಲೇಶಪ್ಪನವರು ಮೊದಲು ತಂತಿಯನ್ನೇ ಕೊಟ್ಟರು.

ಕೊಟ್ರೇಶ ಡಬ್ಬಿಯ ಮುಂದೆ ಸುಮ್ಮನೆ ಕೂತಿದ್ದ. ಗಾಜಿನ ಕೆಳಗೆ ನಾಲ್ಕು ವಾಚು. ಇವರನ್ನು ಕಂಡು ಎದ್ದು ನಿಲ್ಲಲು ಹೋದ. "ಕುಂದ್ರು, ಕುಂದ್ರು" ಎಂದು ಇವರೇ ತಡೆದರು.

"ಚಲೋ ತಂತಿ ಸಿಕ್ಕೈತಿ. ಕಾರು ಮತ್ತ ಮಾಡು" ಎಂದು ಕಾಗದದ ಪೊಟ್ಟಣ ಮುಂದಿಟ್ಟರು.

ಕೊಟ್ರೇಶ ಅದನ್ನು ಬಿಚ್ಚಲಿಲ್ಲ. "ತಂತಿ ಏನ್ ಮಾಡೀತ್ರಿ ಅಣ್ಣಾರ. ಕೈನೇ ಸರಿ ಇಲ್ಲ. ನೀವಾ ಹೇಳಿದ್ರಲ್ಲ" ಎಂದ. ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಹೇಳಿದ. ಅಂಗೈ ಮೇಲೆ ಮಾಡಿ ಬೆಳಕಿಗೆ ಹಿಡಿದು, "ಈಗೀಗ ನನಗೂ ನಡಗಿದಂಗ ಅನಸ್ತೈತಿ" ಎಂದ.

ಹಾಲೇಶಪ್ಪನವರು ಕಿಸೆಯಿಂದ ಜನವರಿಯ ಆ ಸುಟ್ಟ ತುಂಡು ತೆಗೆದು ಗಾಜಿನ ಮೇಲೆ ಇಟ್ಟರು.

"ಕೆರದು ನೋಡು."

ಕೊಟ್ರೇಶ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ. ಬಸ್ಸೊಂದು ಬಂದು ನಿಂತು, ಜನ ಇಳಿದು ಹೋದರು. ಅವನು ಕನ್ನಡಿ ತೆಗೆದ.

"ಇದು ಅಲ್ಯುಮಿನಿಯಂ ಐತ್ರಿ."

"ಹೌದು. ನಾ ಕೊಟ್ಟಿದ್ದು. ನಿನ್ನ ಸೋಲ್ಡರ್ ಬಿಟ್ಟಿರಲಿಲ್ಲಪಾ. ನಿನ್ನ ಕೈಯಾಗ ಏನೂ ತಪ್ಪಿಲ್ಲ. ಅವತ್ತ ಮಂದಿ ಮುಂದ ನಾ ಸುಳ್ಳು ಹೇಳಿದೆ."

"ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತ ಸಂಜೀಕ." ಆಮೇಲೆ ಅದೂ ಪೂರ್ತಿ ನಿಜವಲ್ಲ ಎನ್ನಿಸಿ, "ಅಲ್ಲೇ ನಿಂತಾಗೂ ಗೊತ್ತಿತ್ತು" ಎಂದರು.

ಕೊಟ್ರೇಶನ ಮುಖ ಕೆಂಪಾಯಿತು. "ಜನವರಿಯಿಂದ ಈ ಮಟ. ಏಳು ತಿಂಗಳ್ರಿ. ನನ್ನ ಕಾಲು ಹಿಂಗೈತಿ. ನನಗ ಇರೂದಾ ಈ ಎರಡು ಕೈ. ಅವನ್ನ ಕಸಗೊಂಡ್ರಿ ನೀವು" ಎಂದ. ದನಿ ಏರಲಿಲ್ಲ. ಪಕ್ಕದ ಹೂವಿನವಳು ತಿರುಗಿ ನೋಡಿದಳು. "ನನಗೊಬ್ಬಂಗ ಬಂದು ಹೇಳಿದ್ರ ಏನಾತು? ಇಲ್ಲಿ ಯಾರದಾರ? ಎಲ್ಲಿ ಅಂದಿದ್ರಿ ಅಲ್ಲಿ ಹೋಗಿ ಹೇಳ್ರಿ. ಈಗ ಹೋಗ್ರಿ ನೀವು."

ಹಾಲೇಶಪ್ಪನವರು ಎದ್ದು ಬಂದರು. ಪೊಟ್ಟಣ ಗಾಜಿನ ಮೇಲೇ ಉಳಿಯಿತು.

ಆ ವಾರವೇ ಹಾವೇರಿಗೆ ಹೋಗಿ ಸುರೇಖಾರನ್ನು ಕಂಡರು. ಮುಂದಿನ ಮೇಳದಲ್ಲಿ ಐದು ನಿಮಿಷ ಮಾತಾಡಲು ಅವಕಾಶ ಕೇಳಿದರು. ಯಾಕೆ ಎಂದು ಕೇಳಿದಾಗ ಎಲ್ಲ ಹೇಳಿದರು. ಸುರೇಖಾ ಪೆನ್ನು ಕೆಳಗಿಟ್ಟು, "ಆ ಭಾರದ ಚೀಲ ಇಡ್ರಿ ಅಂತ ಹೇಳಿದಾಕಿ ನಾನು. ಅವರ ಕೈ ತಪ್ಪು ಅಂತ ನಾನೂ ನಂಬಿದ್ದೆ. ಒಂದು ಸಲನೂ ಬಿಚ್ಚಿ ನೋಡಲಿಲ್ಲ" ಎಂದರು. ತಮ್ಮ ಮಾತು ಇನ್ನೊಬ್ಬರ ತಲೆಯಲ್ಲೂ ಹಾಗೇ ಕೂತಿತ್ತಲ್ಲ ಎಂದು ಹಾಲೇಶಪ್ಪನವರಿಗೆ ಮತ್ತಷ್ಟು ನಾಚಿಕೆಯಾಯಿತು.

2008ರ ಜನವರಿಯಲ್ಲಿ ಅವರು ಅದೇ ಬಯಲಲ್ಲಿ ಮೈಕು ಹಿಡಿದು ನಿಂತರು. ಮೇಜಿನ ಮೇಲೆ ಎರಡು ತಂತಿ, ಜಾಹೀದಾರ ಆಂಪಿಯರ್ ಮೀಟರು, ಸಣ್ಣ ಮೋಟರು. ಒಂದು ತಂತಿ ಕರಗುವುದನ್ನು ತೋರಿಸಿದರು, ಇನ್ನೊಂದು ಬರೇ ಬೆಚ್ಚಗಾಗುವುದನ್ನು ತೋರಿಸಿದರು. ಆಮೇಲೆ, "ಹೋದ ವರ್ಷ ಇಲ್ಲೇ ಬ್ಯಾಡಗಿ ಕೊಟ್ರೇಶನ ಕಾರು ಸುಟ್ಟಿತು. ಈ ಕೆಟ್ಟ ತಂತಿ ಕೊಟ್ಟಾಂವ ನಾನು. ಅವನ ಕೈ ನಡಗ್ಯಾವ ಅಂತ ಸುಳ್ಳು ಹೇಳಿದಾಂವನೂ ನಾನೇ" ಎಂದರು.

ದೊಡ್ಡದೇನೂ ಆಗಲಿಲ್ಲ. ಅರ್ಧ ಜನಕ್ಕೆ ಹಿಂದಿನ ವರ್ಷದ್ದು ನೆನಪೇ ಇರಲಿಲ್ಲ. ಮೈಕು ನಡುನಡುವೆ ಕುಯ್ಯೆನ್ನುತ್ತಿತ್ತು. ಮುಂದೆ ನಿಂತಿದ್ದ ಕರ್ಜಗಿಯ ರೈತ ಮಲ್ಲೇಶಪ್ಪ ಮಾತ್ರ ಗಟ್ಟಿಯಾಗಿ, "ಹಂಗಾರ ನಮ್ಮ ಮೋಟರಿಗೂ ಅಂಥಾ ತಂತಿನ ಸುತ್ತೀರೇನ್ರಿ?" ಎಂದು ಕೇಳಿದ. ಕೆಲವರು ನಕ್ಕರು. "ಇಲ್ಲ. ಅನುಮಾನ ಇದ್ರ ತರ್ರಿ, ನಿಮ್ಮ ಮುಂದನಾ ಬಿಚ್ಚಿ ತೋರಸ್ತೀನಿ" ಎಂದರು. ಆ ತಿಂಗಳು ನಾಲ್ವರು ನಿಜವಾಗಿಯೂ ಮೋಟರು ತಂದು ಬಿಚ್ಚಿಸಿ ನೋಡಿದರು. ಇಬ್ಬರು ಬೇರೆ ಅಂಗಡಿ ಹಿಡಿದರು.

ಕೊಟ್ರೇಶ ಅವತ್ತು ಬಂದಿದ್ದ. ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡ. ಅವನ ಕಾರು ಮಧ್ಯಾಹ್ನ ಓಡಿತು. ಹಳೆಯ ಕಾರಿನ ಉಳಿದ ಚೌಕಟ್ಟಿನ ಮೇಲೆ ತಗಡಿನ ಹೊದಿಕೆ ಹಾಕಿದ್ದ. ಮಣ್ಣಿನ ಏರು ಹತ್ತಿ ಆಚೆ ಇಳಿಯಿತು. ತಂತಿ ಪೊಟ್ಟಣದ್ದೇ ಎಂದು ಜಾಹೀದಾ ಆಮೇಲೆ ಹೇಳಿದರು. ಹಾಲೇಶಪ್ಪನವರ ಹತ್ತಿರ ಅವನು ಬರಲಿಲ್ಲ, ಮಾತಾಡಲೂ ಇಲ್ಲ.

ಬ್ಯಾಡಗಿಯಲ್ಲಿ ವಾಚುಗಳು ನಿಧಾನಕ್ಕೆ ಅವನ ಡಬ್ಬಿಗೆ ವಾಪಸು ಬಂದವು, ಎಲ್ಲವೂ ಬರಲಿಲ್ಲ. ಮಾತು ಹರಡಿದಷ್ಟು ಬೇಗ, ಮಾತು ತಪ್ಪು ಎಂಬ ಸುದ್ದಿ ಹರಡುವುದಿಲ್ಲ. ಹಾಲೇಶಪ್ಪನವರು ತಮ್ಮ ಕೈಗಡಿಯಾರವನ್ನು ಜಾಹೀದಾರ ಕೈಯಲ್ಲಿ ಒಮ್ಮೆ ರಿಪೇರಿಗೆ ಕಳಿಸಿದರು. ಕೊಟ್ರೇಶ ಸರಿಮಾಡಿ, ಎಲ್ಲರಿಗೂ ಹಾಕುವಷ್ಟೇ ಕೂಲಿ ಹಾಕಿ, ಚೀಟಿ ಬರೆದು ಕಳಿಸಿದ. ಚೀಟಿಯಲ್ಲಿ ಬೇರೇನೂ ಇರಲಿಲ್ಲ.

"ಕ್ಷಮಾ ಮಾಡ್ಯಾನೋ ಇಲ್ಲೋ ನನಗ ಗೊತ್ತಿಲ್ಲ" ಎಂದರು ಹಾಲೇಶಪ್ಪ, ಇದನ್ನೆಲ್ಲ ಹೇಳಿ ಮುಗಿಸಿ. "ಕೇಳಾಕ ಮುಖ ಇಲ್ಲ."

ಕರೆಂಟು ಬಂತು. ನನ್ನ ಮಷೀನು ಗುಂಯ್ ಎಂದು ಶುರುವಾಯಿತು. ಅವರು ಸ್ಟೂಲು ಸರಿಸಿ ಎದ್ದು ಹೋದರು. ಈಗಲೂ ಬ್ಯಾಡಗಿ ಮೇಲೆ ಹೋಗುವ ಬಸ್ಸು ಹತ್ತಿದರೆ, ಡಬ್ಬಿ ಅಂಗಡಿ ಕಾಣದ ಬದಿಯ ಸೀಟನ್ನೇ ಹಿಡಿಯುತ್ತಾರೆ. ಆ ಬದಿ ಸಿಗದಿದ್ದರೆ ನಿಂತುಕೊಂಡೇ ಹೋಗುತ್ತಾರೆ.